ಕೊಬ್ಬು ಹೃದಯದ ಶತ್ರುವೇ? ಸ್ಕ್ಯಾನ್ ಹೇಳುವ ಕಥೆ ಬೇರೆ

‘ಕೊಬ್ಬು ಎಂದರೆ ಹೃದಯಕ್ಕೆ ವಿಷ’ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ರಕ್ತನಾಳದ ಗೋಡೆಯಲ್ಲಿ ಕೊಲೆಸ್ಟ್ರಾಲ್ ಕಟ್ಟಿಕೊಳ್ಳುವುದು ಅಪಾಯ, ನಿಜ. ಆದರೆ ನಾವು ಸುಮ್ಮನೆ ಕುಳಿತಿರುವಾಗ ಹೃದಯದ ಸ್ನಾಯು ತನಗೆ ಬೇಕಾದ ಶಕ್ತಿಯಲ್ಲಿ ಶೇ. 60ಕ್ಕೂ ಹೆಚ್ಚನ್ನು ಪಡೆಯುವುದು ಫ್ಯಾಟಿ ಆಸಿಡ್, ಅಂದರೆ ಕೊಬ್ಬಿನಾಮ್ಲ ಉರಿಸಿಯೇ!

ಅದನ್ನು ಉರಿಸಲು ಆಮ್ಲಜನಕ ಬೇಕು. ರಕ್ತ ಕಡಿಮೆಯಾದ ಜಾಗದಲ್ಲಿ ಸ್ನಾಯು ಕೊಬ್ಬು ಬಿಟ್ಟು ಗ್ಲೂಕೋಸ್‌ನತ್ತ ಹೊರಳುತ್ತದೆ. ಕೊಬ್ಬಿನಾಮ್ಲಕ್ಕೆ ವಿಕಿರಣಶೀಲ ಪರಮಾಣುವೊಂದನ್ನು ಅಂಟಿಸಿ ಇಂಜೆಕ್ಷನ್ ಕೊಟ್ಟರೆ, ಯಾವ ಜಾಗ ಅದನ್ನು ಹೀರಿಕೊಂಡಿಲ್ಲ ಎಂಬುದು ಕ್ಯಾಮೆರಾಗೆ ಕಾಣುತ್ತದೆ.

ಹೇಳುವಷ್ಟು ಸುಲಭವಲ್ಲ. ಕಾರ್ಬನ್-11 ಸೇರಿಸಿದ ಪಾಲ್ಮಿಟೇಟ್ ದೇಹದ್ದೇ ಕೊಬ್ಬಿನಂತೆ ವರ್ತಿಸುತ್ತದೆ, ಆದರೆ ಅದರ ವಿಕಿರಣ 20 ನಿಮಿಷಕ್ಕೆ ಅರ್ಧವಾಗುತ್ತದೆ. ಹಾಗಾಗಿ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಹತ್ತಿರದಲ್ಲೇ ಇರಬೇಕು. ಹೃದಯವೂ ಅದನ್ನು ಬೇಗ ಉರಿಸಿಬಿಡುತ್ತದೆ. ಇದಕ್ಕೆ ಸಂಶೋಧಕರು ಕಂಡುಕೊಂಡ ಉಪಾಯ ಚೆನ್ನಾಗಿದೆ: ಕೊಬ್ಬಿನಾಮ್ಲದ ಸರಪಳಿಗೆ ಒಂದು ಸಣ್ಣ ಮೀಥೈಲ್ ಕವಲು ಜೋಡಿಸುವುದು. ಆಗ ಅದು ಜೀವಕೋಶದ ಒಳಗೆ ಹೋಗುತ್ತದೆ, ಸುಲಭವಾಗಿ ಉರಿಯುವುದಿಲ್ಲ, ಅಲ್ಲೇ ಉಳಿಯುತ್ತದೆ. ಅಯೋಡಿನ್-123 ಸೇರಿಸಿದ ಇಂಥ ವಸ್ತುವೇ ಬಿಎಮ್‌ಐಪಿಪಿ. ಜಪಾನ್‌ನಲ್ಲಿ ಇದು 1993ರಿಂದ ಬಳಕೆಯಲ್ಲಿದೆ. ವಿಕಿರಣದ ಭಯ ಇರುವವರಿಗೆ: ಅಯೋಡಿನ್-123 ಸುಮಾರು 13 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ.

ಇದರ ನಿಜವಾದ ಬೆಲೆ ಗೊತ್ತಾಗುವುದು ಎದೆನೋವು ಬಂದು ಹೋದ ಮೇಲೆ. ನೋವು ನಿಂತಿದೆ, ರಕ್ತ ಮತ್ತೆ ಹರಿಯುತ್ತಿದೆ, ಇಸಿಜಿ ಸರಿಯಾಗಿಯೇ ಕಾಣಬಹುದು. ಆದರೂ ಪೆಟ್ಟು ತಿಂದ ಸ್ನಾಯು ಕೊಬ್ಬು ಉರಿಸಲು ಇನ್ನೂ ಹಿಂಜರಿಯುತ್ತದೆ, ಕೆಲವೊಮ್ಮೆ ಒಂದು ದಿನದವರೆಗೂ. ತಜ್ಞರು ಇದನ್ನು ಹೃದಯದ ‘ನೆನಪು’ ಎನ್ನುತ್ತಾರೆ. (ಹಾಗೆಂದು ಎದೆನೋವು ಬಂದಾಗ ಮನೆಯಲ್ಲಿ ಕಾಯಬೇಡಿ, ಆಗ ಬೇಕಾದದ್ದು ಆಸ್ಪತ್ರೆ.)

ಇನ್ನು, ಸ್ಕ್ಯಾನ್‌ನಲ್ಲಿ ಖಾಲಿ ಜಾಗ ಕಂಡರೆ ‘ಬ್ಲಾಕ್’ ಎಂದೇ ಅರ್ಥವೇ? ಅಲ್ಲ. ಕೊಬ್ಬಿನಾಮ್ಲವನ್ನು ಜೀವಕೋಶದೊಳಗೆ ಬಿಡುವ ಬಾಗಿಲಿನಂಥ ಸಿಡಿ36 ಎಂಬ ಪ್ರೋಟೀನ್ ಕೆಲವರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ರಕ್ತನಾಳಗಳು ಸರಿಯಿದ್ದರೂ ಅಂಥವರ ಚಿತ್ರದಲ್ಲಿ ಇಡೀ ಹೃದಯವೇ ಕಾಣದಿರಬಹುದು. ಜಪಾನ್‌ನ ವೈದ್ಯರು ಇಂಥವರನ್ನು ನೋಡಿದ್ದಾರೆ. ಹಳೆಯ ಹೃದಯಾಘಾತದ ಕಲೆಯೂ ಖಾಲಿಯಾಗಿಯೇ ಕಾಣುತ್ತದೆ. ಅದಕ್ಕೇ ವೈದ್ಯರು ರಕ್ತದ ಹರಿವು ತೋರಿಸುವ ಇನ್ನೊಂದು ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡುತ್ತಾರೆ: ಹರಿವು ಚೆನ್ನಾಗಿದ್ದು ಕೊಬ್ಬಿನ ಬಳಕೆ ಮಾತ್ರ ತಗ್ಗಿದ್ದರೆ, ಆ ಸ್ನಾಯು ಪೆಟ್ಟು ತಿಂದಿದೆ, ಆದರೆ ಇನ್ನೂ ಜೀವಂತವಾಗಿದೆ.