ನಿಂತಾಗ ಕುದಿಯುವ ಎಂಜಿನ್ನು

ರೋಗ ಯಾವುದೆಂದು ಕೇಳುವ ಮೊದಲು, ಅದು ಯಾವ ಹೊತ್ತಿನಲ್ಲಿ ಹೆಚ್ಚುತ್ತದೆಂದು ಕೇಳುವುದು ನಮ್ಮ ಹಿಂದಿನ ವೈದ್ಯರ ಪದ್ಧತಿ. ವಾಹನದ ವಿಷಯದಲ್ಲಿಯೂ ಈ ಪದ್ಧತಿಯೇ ಲೇಸೆಂಬುದನ್ನು ನಾವು ಒಂದು ಮಹಾಶಿವರಾತ್ರಿಯ ದಿನ ಅರಿತೆವು. ಇಂದು ಎಷ್ಟೋ ಮನೆಗಳ ಅಂಗಳದಲ್ಲಿ ಕಾರು ನಿಂತಿರುವುದರಿಂದ ಆ ಅನುಭವವನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಅಂದು ವೃದ್ಧ ತಾಯಿಯವರನ್ನೂ ಮಕ್ಕಳನ್ನೂ ಕೂಡಿಸಿಕೊಂಡು ಭಾಲ್ಕಿಯಿಂದ ಹೊರಟಿದ್ದೆವು. ಬೀದರಿನ ಪಾಪನಾಶದಲ್ಲಿ ದರ್ಶನ ಮುಗಿಸಿ ನೌಬಾದದ ಮನೆ ಸೇರುವುದು ನಮ್ಮ ಉದ್ದೇಶ. ಸುಮಾರು 40 ಕಿಲೋಮೀಟರ್ ದಾರಿಯುದ್ದಕ್ಕೂ ಉಷ್ಣತೆಯ ಮುಳ್ಳು ನಡುವಿನಿಂದ ಕದಲಲಿಲ್ಲ. ಆದರೆ ಭಕ್ತರ ದಟ್ಟಣೆಯಲ್ಲಿ ಕಾರು ತೆವಳತೊಡಗಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. “ಯಪ್ಪಾ, ಗಾಡಿ ನಿಂದರಸು, ಒಳಗ ಏನೋ ಕುದಿಲಾಕತ್ತದ” ಎಂದರು ತಾಯಿಯವರು. ಬಾನೆಟ್ ಎತ್ತಿದಾಗ ಹಬೆ ಮುಖಕ್ಕೆ ಬಡಿಯಿತು.

ಸಹಾಯಕ್ಕೆಂದು ಬಂದ ತರುಣನೊಬ್ಬ ಟವೆಲ್ ಸುತ್ತಿದ ಕೈಯಿಂದ ರೇಡಿಯೇಟರಿನ ಮುಚ್ಚಳ ತಿರುಗಿಸಲು ಮುಂದಾದ. ನಾವು ಅವನ ಕೈ ಹಿಡಿದು ತಡೆದೆವು. ಬೀದರ ಎತ್ತರದ ಊರು. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ನಿನ ನೀರು ಅದಕ್ಕೂ ಹೆಚ್ಚು ಕಾದರೂ ಕುದಿಯದಿರುವುದು ಮುಚ್ಚಳದೊಳಗಿನ ಒತ್ತಡದಿಂದ. ಅಡುಗೆಮನೆಯ ಕುಕ್ಕರಿನ ನ್ಯಾಯವೇ ಇಲ್ಲಿಯದೂ. ಕಾದಿರುವಾಗ ಮುಚ್ಚಳ ತೆಗೆದರೆ ಕುದಿನೀರು ಚಿಮ್ಮಿ ಮುಖ, ಕಣ್ಣುಗಳನ್ನು ಸುಡುತ್ತದೆ. ಎಂಜಿನ್ ಆರಿಸಿ, ಅದು ಪೂರ್ತಿ ತಣಿಯುವತನಕ ಕಾಯುವುದೊಂದೇ ದಾರಿ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಸಲ್ಲದು; ಲೋಹ ಬಿರುಕು ಬಿಟ್ಟೀತು.

ಮರುದಿನ ಒಂದು ಗ್ಯಾರೇಜಿನವರು ಎಂಜಿನ್ ನೋಡಿದವರೇ, “ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಬೇಕು” ಎಂದುಬಿಟ್ಟರು. ಅವರು ಹೇಳಿದ ಮೊತ್ತ ಮಗಳ ಕಾಲೇಜಿನ ಶುಲ್ಕಕ್ಕೆಂದು ನಾವು ಕೂಡಿಟ್ಟ ಹಣಕ್ಕೆ ಸಮನಾಗಿತ್ತು. ಮನಸ್ಸು ಒಪ್ಪದೆ ನಮ್ಮ ಪರಿಚಯದ ವೃದ್ಧ ಮಿಸ್ತ್ರಿಯೊಬ್ಬರ ಬಳಿಗೆ ಹೋದೆವು. ಅವರು ಪಾನೆ ಮುಟ್ಟಲಿಲ್ಲ, ಕೇಳಿದ್ದು ಒಂದೇ ಪ್ರಶ್ನೆ: “ಓಡುವಾಗ ಕಾಯ್ತದೋ, ನಿಂತಾಗ ಕಾಯ್ತದೋ?” ನಿಂತಾಗ ಎಂದೆವು. “ಹಂಗಾದ್ರ ಮೊದಲ ಪಂಖಾ ನೋಡೂಣ್ರಿ” ಎಂದರು.

ಅವರ ತರ್ಕ ಸರಳವಾಗಿತ್ತು. ವೇಗವಾಗಿ ಓಡುವ ಕಾರಿನ ರೇಡಿಯೇಟರನ್ನು ಎದುರುಗಾಳಿಯೇ ತಣಿಸುತ್ತದೆ. ಕಾರು ನಿಂತಾಗ ಆ ಗಾಳಿಯನ್ನು ಪಂಖವೇ ಎಳೆಯಬೇಕು. ಪಂಖ ಸುತ್ತದಿದ್ದರೆ ದಟ್ಟಣೆಯಲ್ಲಿ ಮಾತ್ರ ಬಿಸಿಯೇರುತ್ತದೆ. ಹೆದ್ದಾರಿಯಲ್ಲಿಯೂ ಬಿಸಿಯೇರುವುದಾದರೆ ನೀರಿನ ಕೊರತೆ, ಥರ್ಮೋಸ್ಟ್ಯಾಟ್, ನೀರಿನ ಪಂಪು ಅಥವಾ ಒಳಗೆ ಕಟ್ಟಿಕೊಂಡ ರೇಡಿಯೇಟರನ್ನು ಶಂಕಿಸಬೇಕು. ಗ್ಯಾಸ್ಕೆಟ್ ಹೋಗಿದ್ದರೆ ಬಿಳಿಹೊಗೆ ಬಿಡದೆ ಬರುವುದು, ಎಂಜಿನ್ ಎಣ್ಣೆ ಹಾಲು ಬೆರೆತಂತೆ ಕಾಣುವುದು, ಸೋರಿಕೆಯಿಲ್ಲದೆ ನೀರು ಕಡಿಮೆಯಾಗುವುದು ಮುಂತಾದ ಕುರುಹುಗಳು ಸಾಮಾನ್ಯ. ನಮ್ಮ ಕಾರಿನಲ್ಲಿ ಅವೊಂದೂ ಇರಲಿಲ್ಲ.

ಎಂಜಿನ್ ನಡೆಯಲು ಬಿಟ್ಟು ನಿಂತೆವು. ಮುಳ್ಳು ಏರಿದರೂ ಪಂಖ ಸುತ್ತಲಿಲ್ಲ. ಏಸಿ ಹಾಕಿದರು, ಆಗಲೂ ಸುತ್ತಲಿಲ್ಲ. ಹೆಚ್ಚಿನ ಕಾರುಗಳಲ್ಲಿ ಏಸಿ ಹಾಕಿದೊಡನೆ ಪಂಖ ತಿರುಗುತ್ತದೆ. ಏಸಿಗೆ ತಿರುಗಿ ಬಿಸಿಗೆ ತಿರುಗದಿದ್ದರೆ ಉಷ್ಣತೆಯನ್ನು ಅಳೆಯುವ ಸೆನ್ಸಾರಿನ ಮೇಲೆ ಸಂಶಯ. ಎರಡಕ್ಕೂ ತಿರುಗದಿದ್ದರೆ ಫ್ಯೂಸು, ರಿಲೇ, ತಂತಿ ಇಲ್ಲವೆ ಮೋಟಾರು ನೋಡಬೇಕು. ಫ್ಯೂಸು ನೆಟ್ಟಗಿತ್ತು. ಹಾರ್ನಿನ ರಿಲೇ ಅದೇ ಬಗೆಯದಾಗಿದ್ದರಿಂದ ಅದನ್ನು ಕಿತ್ತು ಪಂಖದ ರಿಲೇಯ ಜಾಗದಲ್ಲಿ ಕೂಡಿಸಿದರು. ಪಂಖ ಭರ್ರೆಂದು ಸುತ್ತಿತು! ಅಂಗೈಯಗಲವೂ ಇಲ್ಲದ ಡಬ್ಬಿಯೊಂದು ಕೆಟ್ಟದ್ದಕ್ಕೆ ನಾವು ಇಡೀ ಎಂಜಿನ್ ಬಿಚ್ಚಿಸಹೊರಟಿದ್ದೆವು. ರೇಡಿಯೇಟರಿನ ಹಲ್ಲುಗಳ ನಡುವೆ ಕೂತಿದ್ದ ಕೆಮ್ಮಣ್ಣಿನ ಧೂಳನ್ನೂ ಮೆಲ್ಲನೆ ನೀರು ಹಾಯಿಸಿ ತೊಳೆದರು.

ಮನೆಗೆ ಮರಳುವಾಗ ನಮ್ಮೂರಿನ ಸುರಂಗ ಬಾವಿ ನೆನಪಾಯಿತು. 15ನೆಯ ಶತಮಾನದ ಬಹಮನಿ ಕಾಲದ ಆ ನೆಲದಡಿಯ ಕಾಲುವೆ ನೀರಿನ ದಾರಿಯೊಂದರಿಂದಲೇ ಬಾಳಲಿಲ್ಲ. ಅದರುದ್ದಕ್ಕೂ ಗಾಳಿಗಾಗಿ, ಹೂಳೆತ್ತುವುದಕ್ಕಾಗಿ ಮೇಲಿನಿಂದ ಬಾವಿಗಳನ್ನು ಕೊರೆದಿದ್ದಾರೆ. ಹೂಳು ತುಂಬಿದಾಗ ಅದೂ ಸೊರಗಿತು. ಎಂಜಿನ್ನಿಗೂ ನೀರಿನ ದಾರಿ, ಗಾಳಿಯ ದಾರಿ ಎರಡೂ ತೆರೆದಿರಬೇಕು. ಕೊಳವೆಬಾವಿಯ ಗಡಸು ನೀರು ಸುರಿದರೆ ರೇಡಿಯೇಟರಿನೊಳಗೂ ಪದರು ಕಟ್ಟುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ಹಾಕಿಸುವುದು ಒಳ್ಳೆಯದು.

ದಟ್ಟಣೆಯಲ್ಲಿ ಮುಳ್ಳು ಏರತೊಡಗಿದರೆ ಕೂಡಲೇ ಏಸಿ ಆರಿಸಿ, ಹೀಟರಿದ್ದರೆ ಪೂರ್ತಿ ಹಾಕಿ. ಒಳಗೆ ಸೆಕೆಯಾದರೂ ಎಂಜಿನ್ನಿನ ಬಿಸಿ ಕೊಂಚ ಹೊರಬೀಳುತ್ತದೆ. ಮುಳ್ಳು ಕೆಂಪಿಗೆ ಹತ್ತಿದರೆ ಮನೆ ಹತ್ತಿರವೇ ಇದೆಯೆಂದು ಓಡಿಸದಿರಿ. ಆ ಒಂದು ಮೈಲಿಯಲ್ಲಿಯೇ ಗ್ಯಾಸ್ಕೆಟ್ ನಿಜಕ್ಕೂ ಸುಡಬಹುದು. ಏಪ್ರಿಲ್, ಮೇ ತಿಂಗಳ ಬಿಸಿಲು ಬರುವ ಮುನ್ನ ಒಮ್ಮೆ ಮನೆಯ ಮುಂದೆ ಕಾರು ನಿಲ್ಲಿಸಿ, ಪಂಖ ಸುತ್ತುವುದೇ ಎಂದು ನೋಡಿರಿ.

ಮಿಸ್ತ್ರಿಯವರು ರಿಲೇಯ ಬೆಲೆಯಲ್ಲದೆ ತಮ್ಮ ದುಡಿಮೆಗೆ ತೆಗೆದುಕೊಂಡದ್ದು ಅಲ್ಪ. ಹೆಚ್ಚು ಕೊಡಹೋದಾಗ, “ಕೆಲಸ ಇಷ್ಟೇ ಇತ್ತಲ್ರೀ” ಎಂದರು. ಕಾಯಕವೆಂದರೆ ಇದೇ ಅಲ್ಲವೇ! ಮಗಳ ಶುಲ್ಕ ಆ ತಿಂಗಳು ತಪ್ಪದೆ ಸಂದಾಯವಾಯಿತು.