ಹೊಲದ ಹಾದಿಯ ದೀರ್ಘ ಓಟ

ಬೆಳಗಿನ ಐದು ಗಂಟೆಗೆ ಹುಮನಾಬಾದು, ಚಿಟಗುಪ್ಪಾ ಸೀಮೆಯ ರಸ್ತೆಗಳಲ್ಲಿ ನಿಂತು ನೋಡಿದರೆ, ಮಬ್ಬುಗತ್ತಲೆಯಲ್ಲಿ ಓಡುತ್ತಿರುವ ಕೆಲವು ತರುಣರು ಕಣ್ಣಿಗೆ ಬೀಳುವರು. ಇವರಲ್ಲಿ ಬಹುಮಂದಿ ಪೊಲೀಸ್ ಅಥವಾ ಸೈನ್ಯದ ನೇಮಕಾತಿಗಾಗಿ ಸಿದ್ಧರಾಗುತ್ತಿರುವವರು. ದೈಹಿಕ ಪರೀಕ್ಷೆಯ ಓಟ ಸುಮಾರು ೧೬೦೦ ಮೀಟರಿನದು. ಅವರ ಗುರಿಯೂ ಅಷ್ಟೇ. ಪರೀಕ್ಷೆ ಮುಗಿಯಿತೆಂದರೆ ಗೆದ್ದವನೂ ಓಟವನ್ನು ಬಿಡುತ್ತಾನೆ, ಸೋತವನೂ ಬಿಡುತ್ತಾನೆ. ನಾಲ್ಕಾರು ತಿಂಗಳು ಬೆವರು ಸುರಿಸಿ ಗಳಿಸಿದ ಶರೀರಸಂಪತ್ತು ಹೀಗೆ ವ್ಯರ್ಥವಾಗುವುದನ್ನು ಕಂಡಾಗ ಮನಸ್ಸಿಗೆ ಖೇದವಾಗುತ್ತದೆ.

ಇದೇ ಕಾಲದಲ್ಲಿ ಪಟ್ಟಣಗಳಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ದೃಶ್ಯ ಕಾಣಬರುತ್ತಿದೆ. ಯಾವ ಪರೀಕ್ಷೆಯ ಹಂಗೂ ಇಲ್ಲದ ಹವ್ಯಾಸಿಗಳು ಮೊದಲು ೧೦ ಕಿಲೊಮೀಟರು, ಅನಂತರ ೨೧, ಅನಂತರ ೪೨ ಎಂದು ದೂರವನ್ನು ಏರಿಸುತ್ತ, ಕೊನೆಗೆ ಡಾಂಬರು ರಸ್ತೆಯನ್ನೇ ತೊರೆದು ಕಾಡುಮೇಡುಗಳ ಕಾಲುದಾರಿಗೆ ಇಳಿಯುತ್ತಿದ್ದಾರೆ. ಇದನ್ನು ಅವರು ‘ಟ್ರೇಲ್’ ಓಟವೆನ್ನುವರು. ಮಲೆನಾಡಿನ ಕಾಫಿ ತೋಟಗಳ ನಡುವೆ ನಡೆಯುವ ‘ಮಲ್ನಾಡ್ ಅಲ್ಟ್ರಾ’ ಎಂಬ ಪಂದ್ಯದಲ್ಲಿ ೫೦ ಕಿಲೊಮೀಟರನ್ನೂ ಅದಕ್ಕೂ ಹೆಚ್ಚಿನ ದೂರವನ್ನೂ ಓಡುವವರಿದ್ದಾರೆ. ಪಟ್ಟಣದವರು ಹಣ ತೆತ್ತು ಹುಡುಕಿಕೊಂಡು ಹೋಗುವ ಕಾಲುದಾರಿ ಬೇಮಳಖೇಡದ ವಿದ್ಯಾರ್ಥಿಗೆ ಮನೆಯ ಹಿತ್ತಿಲಿನಿಂದಲೇ ಆರಂಭವಾಗುತ್ತದೆ. ಅವನಾದರೋ ಲಾರಿಗಳ ಬೆಳಕಿಗೆ ಬೆದರುತ್ತ ಡಾಂಬರಿನ ಮೇಲೆ ಓಡುತ್ತಾನೆ! ದೀರ್ಘ ಓಟವು ನಮ್ಮ ಹಳ್ಳಿಗಳ ತರುಣ ತರುಣಿಯರಿಗೆ ಸಹಜವಾಗಿ ಸಲ್ಲಬೇಕಾದ ವ್ಯಾಯಾಮವೆಂಬುದೂ, ಆದರೆ ಶರೀರದ ನಿಯಮಗಳನ್ನು ಅರಿಯದೆ ಅದಕ್ಕೆ ಧುಮುಕುವುದು ಅಪಾಯವೆಂಬುದೂ ನನ್ನ ಅಭಿಪ್ರಾಯ.

ಇದು ನಮಗೆ ಹೊಸತೇನೂ ಅಲ್ಲ. ೧೯೧೯ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಿಂದ ಓಡಿದ ಹಳ್ಳಿಗರ ಸಾಮರ್ಥ್ಯವು ಸರ್ ದೊರಾಬ್ಜಿ ತಾತಾ ಅವರನ್ನು ಬೆರಗುಗೊಳಿಸಿತು. ಅವರ ಪ್ರಯತ್ನದ ಫಲವಾಗಿ ೧೯೨೦ರಲ್ಲಿ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡ ಹೊರಟಾಗ, ಅದರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರೂ ಇದ್ದರು. ಮ್ಯಾರಥಾನಿನಲ್ಲಿ ಅವರು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಗುರಿ ಮುಟ್ಟಿ ೧೯ನೆಯವರಾದರು. ಆ ವರ್ಷದ ಹಾದಿ ಇಂದಿನ ೪೨.೧೯೫ ಕಿಲೊಮೀಟರಿಗಿಂತಲೂ ಅರ್ಧ ಕಿಲೊಮೀಟರಿಗೆ ಮಿಕ್ಕಿ ಉದ್ದವಾಗಿತ್ತೆಂಬುದನ್ನು ನೆನೆಯಬೇಕು.

ಇನ್ನು ಶರೀರದ ಲೆಕ್ಕವನ್ನು ನೋಡೋಣ. ೫೫ ಕಿಲೊಗ್ರಾಂ ತೂಕದ ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿ. ಓಟದಲ್ಲಿ ಮನುಷ್ಯನು ಪ್ರತಿ ಕಿಲೊಮೀಟರಿಗೆ ತನ್ನ ತೂಕದ ಪ್ರತಿ ಕಿಲೊಗ್ರಾಮಿಗೆ ಸುಮಾರು ಒಂದು ಕಿಲೊಕ್ಯಾಲೊರಿ ಶಕ್ತಿಯನ್ನು ವ್ಯಯಿಸುತ್ತಾನೆ. ಅಂದಮೇಲೆ ಒಂದು ಮ್ಯಾರಥಾನಿಗೆ ಇವನಿಗೆ ೨೩೦೦ ಕಿಲೊಕ್ಯಾಲೊರಿ ಬೇಕು. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟ ಗ್ಲೈಕೊಜನ್ ಎಂಬ ಪಿಷ್ಟವಾದರೋ ೪೦೦ರಿಂದ ೫೦೦ ಗ್ರಾಂ ಮಾತ್ರ. ಅದರಿಂದ ದೊರೆಯುವುದು ೨೦೦೦ ಕಿಲೊಕ್ಯಾಲೊರಿಗೆ ಮೀರದು. ಆದುದರಿಂದಲೇ ೩೦ ಕಿಲೊಮೀಟರು ದಾಟಿದ ಮೇಲೆ ಅನೇಕರ ಕಾಲುಗಳು ಕಬ್ಬಿಣದ ಗುಂಡು ಕಟ್ಟಿದಂತೆ ಭಾರವಾಗುತ್ತವೆ. ಆದರೆ ಇದೇ ತೆಳ್ಳಗಿನ ತರುಣನ ಮೈಯಲ್ಲಿ ಐದು ಕಿಲೊಗ್ರಾಂ ಕೊಬ್ಬಿದ್ದರೂ ಅದರಲ್ಲಿ ಸುಮಾರು ೪೦,೦೦೦ ಕಿಲೊಕ್ಯಾಲೊರಿ ಅಡಗಿದೆ. ಕೊಬ್ಬು ನಿಧಾನವಾಗಿ ಉರಿಯುವ ಸೌದೆ. ವೇಗದ ಓಟಕ್ಕೆ ಅದು ಸಾಲದು, ಮೆಲ್ಲನೆಯ ಓಟಕ್ಕೆ ಒದಗುತ್ತದೆ. ಮಾತಾಡುತ್ತ ಓಡಬಲ್ಲಷ್ಟು ಮಂದಗತಿಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವನ ಸ್ನಾಯುಗಳು ಈ ಸೌದೆಯನ್ನು ಉರಿಸುವುದನ್ನು ಹೆಚ್ಚು ಹೆಚ್ಚಾಗಿ ಕಲಿಯುತ್ತವೆ. ೧೬೦೦ ಮೀಟರಿನ ಓಟಗಾರನು ದೂರದ ಓಟಕ್ಕೆ ಬಂದಾಗ ಮಾಡುವ ಮೊದಲ ತಪ್ಪೆಂದರೆ ಹಳೆಯ ವೇಗವನ್ನೇ ಇಲ್ಲಿಯೂ ಹಿಡಿಯುವುದು.

ಎರಡನೆಯ ಲೆಕ್ಕ ಉಷ್ಣದ್ದು. ಗಂಟೆಗೆ ೧೦ ಕಿಲೊಮೀಟರು ವೇಗದಲ್ಲಿ ಓಡುವಾಗ ಈ ತರುಣನ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬರಿಯ ಉಷ್ಣವಾಗಿಬಿಡುತ್ತದೆ. ಆ ಉಷ್ಣವು ಹೊರಬೀಳದೆ ಒಳಗೇ ನಿಂತರೆ ಒಂದು ಗಂಟೆಯಲ್ಲಿ ಅವನ ಮೈ ಸುಮಾರು ೯ ಡಿಗ್ರಿ ಸೆಲ್ಸಿಯಸ್ ಏರಬೇಕಾಗುತ್ತಿತ್ತು. ಹಾಗಾದರೆ ಯಾರೂ ಬದುಕಿ ಉಳಿಯಲಾರರು. ರಕ್ಷಿಸುವುದು ಬೆವರು. ಒಂದು ಲೀಟರು ಬೆವರು ಆವಿಯಾಗಿ ಹೋಗುವಾಗ ೫೮೦ ಕಿಲೊಕ್ಯಾಲೊರಿಯಷ್ಟು ಉಷ್ಣವನ್ನು ಒಯ್ಯುತ್ತದೆ. ಆದರೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ತಂಪಿಲ್ಲ. ಆವಿಯಾದುದರಿಂದ ಮಾತ್ರ ತಂಪು. ಬೀದರ ಜಿಲ್ಲೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಉಷ್ಣತೆ ೪೦ ಡಿಗ್ರಿಯನ್ನು ದಾಟುವುದುಂಟು. ಆಗ ಗಾಳಿಯೇ ಮೈಗಿಂತ ಬಿಸಿಯಾಗಿದ್ದು, ನಮ್ಮನ್ನು ತಣಿಸುವ ಬದಲು ಕಾಯಿಸುತ್ತದೆ. ಬಿಸಿಲಿಗೆ ಶರೀರ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನಗಳಾದರೂ ಬೇಕು. ಹೊಂದಿಕೊಂಡವನಿಗೂ ಬೇಸಗೆಯ ನಡುಹಗಲಿನ ದೀರ್ಘ ಓಟ ಸಲ್ಲದು.

ಹಾಗೆಂದು ನೀರನ್ನು ಹೊಟ್ಟೆ ಬಿರಿಯುವಂತೆ ಕುಡಿಯುವುದೂ ಹಿತವಲ್ಲ. ೨೦೦೨ರ ಬಾಸ್ಟನ್ ಮ್ಯಾರಥಾನಿನಲ್ಲಿ ೪೮೮ ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ ಹದಿಮೂರು ಮಂದಿಯಲ್ಲಿ ಸೋಡಿಯಮ್ಮಿನ ಪ್ರಮಾಣ ಇಳಿದಿರುವುದು ಕಂಡುಬಂದಿತು. ಇಂಥವರಲ್ಲಿ ಓಟದ ವೇಳೆ ತೂಕ ಏರಿದವರು ಹೆಚ್ಚು. ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರು. ಬಾಯಾರಿದಾಗ ಕುಡಿಯಬೇಕು, ದೂರದ ಓಟದಲ್ಲಿ ಜೊತೆಗೆ ಉಪ್ಪೂ ಆಹಾರವೂ ಇರಬೇಕು. ಉಪ್ಪು ಬೆರೆಸಿದ ಮಜ್ಜಿಗೆ, ಬೆಲ್ಲ, ಶೇಂಗಾ ನಮ್ಮ ಮನೆಗಳಲ್ಲಿಯೇ ಇರುವಾಗ ಬಣ್ಣದ ಡಬ್ಬಿಗಳಿಗೆ ಹಣ ಸುರಿಯಬೇಕಾಗಿಲ್ಲ.

ಮೂರನೆಯದು ನೆಲ. ಒಂದು ಕಿಲೊಮೀಟರಿಗೆ ಸುಮಾರು ಸಾವಿರ ಹೆಜ್ಜೆ. ಪ್ರತಿ ಹೆಜ್ಜೆಯಲ್ಲಿ ಒಂದೇ ಕಾಲಿನ ಮೇಲೆ ಮೈತೂಕದ ಎರಡು ಮೂರು ಪಟ್ಟು ಭಾರ. ಡಾಂಬರಿನ ಮೇಲೆ ಇಪ್ಪತ್ತು ಸಾವಿರ ಹೆಜ್ಜೆಗಳೂ ಒಂದೇ ಬಗೆಯವು. ಅದೇ ಎಲುಬಿಗೆ, ಅದೇ ಕೀಲಿಗೆ ಅದೇ ಏಟು. ಹೊಲದ ಹಾದಿಯಲ್ಲಿ ಹೆಜ್ಜೆ ಹೆಜ್ಜೆಗೂ ನೆಲ ಬೇರೆ. ಏಟು ಹಂಚಿಹೋಗುತ್ತದೆ, ಹರಡಿನ ಸಣ್ಣ ಸ್ನಾಯುಗಳೂ ಬಲಗೊಳ್ಳುತ್ತವೆ. ಆದರೆ ಕಾಲು ಉಳುಕುವ ಭಯವೂ ಇಲ್ಲಿಯೇ ಹೆಚ್ಚು. ನಮ್ಮ ಸೀಮೆಯಲ್ಲಿ ನೆಲದ ಗುಣವನ್ನು ರೈತನ ಮಗನಿಗೆ ಹೇಳಿಕೊಡಬೇಕಾಗಿಲ್ಲ. ಕೆಂಪು ಜಂಬಿಟ್ಟಿಗೆಯ ಮಸಾರಿ ನೆಲದಲ್ಲಿ ಮಳೆಗಾಲದಲ್ಲಿಯೂ ಹೆಜ್ಜೆ ನಿಲ್ಲುತ್ತದೆ. ಎರೆ ಭೂಮಿಯಾದರೋ ನೀರು ಹೀರಿ ಉಬ್ಬುವ ಜೇಡಿಯಿಂದಾದುದು. ಮಳೆಯಲ್ಲಿ ಸೇರುಗಟ್ಟಲೆ ಅಂಗಾಲಿಗೆ ಮೆತ್ತುತ್ತದೆ, ಬೇಸಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ. ಎರೆಯಲ್ಲಿ ಚಳಿಗಾಲಕ್ಕೆ, ಮಸಾರಿಯಲ್ಲಿ ಮಳೆಗಾಲಕ್ಕೆ ಓಡುವುದು ಜಾಣತನ. ಹಾವು ಹುಳುಗಳ ಭಯವಿರುವುದರಿಂದ ಬೆಳಕು ಹರಿದ ಮೇಲೆಯೇ ಹೊಲಕ್ಕೆ ಇಳಿಯಬೇಕು.

ಏರು ಇಳಿಜಾರುಗಳ ವಿಷಯದಲ್ಲಿ ಒಂದು ಮಾತು. ಕಡಿದಾದ ಏರನ್ನು ನಡೆದು ಹತ್ತುವುದು ಅವಮಾನವಲ್ಲ. ಅಲ್ಲಿ ಓಟಕ್ಕಿಂತ ನಡಿಗೆಗೆ ಶಕ್ತಿ ಕಡಿಮೆ ಸಾಕು. ಉಸಿರಿಗೆ ಸುಲಭವೆನಿಸುವ ಇಳಿಜಾರೇ ತೊಡೆಗೆ ಕಷ್ಟ. ಅಲ್ಲಿ ಸ್ನಾಯು ಬಿಗಿದುಕೊಂಡಿರುವಾಗಲೇ ಎಳೆಯಲ್ಪಟ್ಟು, ಅದರ ಎಳೆಗಳಿಗೆ ಸೂಕ್ಷ್ಮವಾದ ಗಾಸಿಯಾಗುತ್ತದೆ. ನೋವು ಕಾಣಿಸಿಕೊಳ್ಳುವುದು ಮರುದಿನ.

ಎಲ್ಲಕ್ಕಿಂತ ಮುಖ್ಯವಾದುದು ತಾಳ್ಮೆ. ಅಭ್ಯಾಸ ಆರಂಭಿಸಿದ ಕೆಲವೇ ವಾರಗಳಲ್ಲಿ ಹೃದಯವೂ ಉಸಿರೂ ಪಳಗುತ್ತವೆ. ಸ್ನಾಯುರಜ್ಜುಗಳಿಗೂ ಎಲುಬಿಗೂ ತಿಂಗಳುಗಳು ಬೇಕು. ಉಸಿರು ‘ಇನ್ನಷ್ಟು ಓಡು’ ಎನ್ನುವಾಗ ಎಲುಬು ‘ತಾಳು’ ಎನ್ನುತ್ತಿರುತ್ತದೆ. ಎಲುಬಿನ ಮಾತನ್ನು ಕೇಳದವನಿಗೆ ಮುಂಗಾಲಿನ ಎಲುಬಿನಲ್ಲಿ ಸೀಳು ಬಿಡುವುದುಂಟು. ಎಲುಬು ಇನ್ನೂ ಬೆಳೆಯುತ್ತಿರುವ ಪ್ರೌಢಶಾಲೆಯ ಹುಡುಗ ಹುಡುಗಿಯರು ಐದು, ಹತ್ತು ಕಿಲೊಮೀಟರುಗಳಲ್ಲಿ ತೃಪ್ತರಾಗಿರಲಿ. ಮ್ಯಾರಥಾನೂ ಅದಕ್ಕೆ ಮೀರಿದುದೂ ಹದಿನೆಂಟು ದಾಟಿದವರಿಗೆ ಇರಲಿ. ೨೦೨೧ರ ಮೇ ತಿಂಗಳಲ್ಲಿ ಚೀನದ ಗಾನ್ಸು ಪ್ರಾಂತದ ಬೆಟ್ಟಗಳಲ್ಲಿ ನಡೆದ ೧೦೦ ಕಿಲೊಮೀಟರಿನ ಪಂದ್ಯದಲ್ಲಿ, ಹಠಾತ್ತಾಗಿ ಎರಗಿದ ಚಳಿಗಾಳಿ ಮಳೆಗಳಿಗೆ ಸಿಕ್ಕಿ ೨೧ ಮಂದಿ ಸತ್ತರು. ಅವರಲ್ಲಿ ನುರಿತವರೂ ಇದ್ದರು. ಪ್ರಕೃತಿಯೊಡನೆ ಪಂದ್ಯ ಕಟ್ಟುವವನು ಹಿಂದಿರುಗುವುದನ್ನೂ ಕಲಿತಿರಬೇಕು.

ಕೊನೆಯದಾಗಿ, ಬೆಳಗಿನ ಆ ರಸ್ತೆಯಲ್ಲಿ ನಮ್ಮ ಹೆಣ್ಣುಮಕ್ಕಳು ಏಕೆ ಇಷ್ಟು ವಿರಳ? ೧೯೨೮ರ ಒಲಿಂಪಿಕ್ಸಿನಲ್ಲಿ ೮೦೦ ಮೀಟರು ಓಡಿದ ಕೆಲವು ಸ್ತ್ರೀಯರು ದಣಿದರೆಂಬುದನ್ನೇ ದೊಡ್ಡದು ಮಾಡಿ, ೧೯೬೦ರ ವರೆಗೆ ಆ ಓಟವನ್ನೇ ಅವರಿಗೆ ನಿಷೇಧಿಸಲಾಯಿತು. ಸ್ತ್ರೀಯರ ಮ್ಯಾರಥಾನು ಒಲಿಂಪಿಕ್ಸಿಗೆ ಬಂದುದು ೧೯೮೪ರಲ್ಲಿ; ಆಗ ಅಮೆರಿಕದ ಜೋನ್ ಬೆನೊಯ್ ೨ ಗಂಟೆ ೨೪ ನಿಮಿಷ ೫೨ ಸೆಕೆಂಡುಗಳಲ್ಲಿ ಗೆದ್ದು ಹಳೆಯ ಶಂಕೆಗಳಿಗೆ ಉತ್ತರವಿತ್ತರು. ಇಡೀ ದಿನ ಹೊಲದಲ್ಲಿ ಬಗ್ಗಿ ಕಳೆ ಕೀಳಬಲ್ಲ ತಾಯಂದಿರ ಮಗಳಿಗೆ ಬಲ ಸಾಲದೆನ್ನುವುದು ನಗೆಗೀಡಾದ ಮಾತು. ಅವಳನ್ನು ತಡೆಯುತ್ತಿರುವುದು ಹೃದಯವಲ್ಲ. ಒಬ್ಬಳೇ ಹೊರಬೀಳಲಾಗದ ರಸ್ತೆ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಪ್ರತಿಯೊಂದು ಪ್ರೌಢಶಾಲೆಯೂ ಹೊಲದೊಡೆಯರ ಒಪ್ಪಿಗೆ ಪಡೆದು, ಊರ ಸುತ್ತಣ ಬಂಡಿದಾರಿಗಳಲ್ಲಿ ಐದು ಕಿಲೊಮೀಟರಿನ ಒಂದು ಹಾದಿಯನ್ನು ಅಳೆದು, ಕಿಲೊಮೀಟರಿಗೊಂದು ಸುಣ್ಣ ಬಳಿದ ಕಲ್ಲು ನೆಡಲಿ. ವಾರಕ್ಕೊಮ್ಮೆ ಒಬ್ಬ ಅಧ್ಯಾಪಕರೊಡನೆ ಹುಡುಗರೂ ಹುಡುಗಿಯರೂ ಗುಂಪಾಗಿ ಅದನ್ನು ಓಡಲಿ. ತನ್ನ ನಾಡಿಯ ಬಡಿತವನ್ನು ತಾನೇ ಎಣಿಸಿ ವಾರವಾರವೂ ಬರೆದಿಡುವ ವಿದ್ಯಾರ್ಥಿಗೆ ಶರೀರಶಾಸ್ತ್ರದ ಪಾಠವೂ ಆದೀತು. ನೇಮಕಾತಿಯ ೧೬೦೦ ಮೀಟರು ಗೆದ್ದರೆ ಸಂತೋಷ; ಸೋತರೂ ತೊಗರಿಯ ಹೊಲದ ಬದಿಯ ಆ ಹಾದಿ ಮುಂದೆಯೂ ಇದ್ದೇ ಇರುತ್ತದೆ.