ಕಲಿಯುವ ಹೆಣ್ಣಿಗೆ ನೆರಳು ಬೇಕು

‘ಹೆಣ್ಣೊಂದು ಕಲಿತರೆ ಶಾಲೆಯೊಂದನ್ನು ತೆರೆದಂತೆ’ ಎಂಬ ನುಡಿಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಶಾಲೆಯ ಗೋಡೆಗಳ ಮೇಲೆ ಅದನ್ನು ಬರೆಸುತ್ತೇವೆ. ಸಭೆಗಳಲ್ಲಿ ಹೇಳಿದಾಗ ತಲೆದೂಗುತ್ತೇವೆ. ಆದರೆ ಆ ಹೆಣ್ಣು ಕಲಿಯಬೇಕಾದರೆ ಅವಳಿಗೆ ಯಾರು ಏನನ್ನು ಒದಗಿಸಿಕೊಡಬೇಕು ಎಂಬುದನ್ನು ವಿಚಾರಿಸುವವರು ವಿರಳ. ಈ ಪ್ರಶ್ನೆಯನ್ನು ತಮ್ಮ ಬದುಕಿನಿಂದಲೇ ಎತ್ತಿಕೊಂಡು ರಾಷ್ಟ್ರದ ಮುಂದಿಟ್ಟ ಮಹನೀಯರಲ್ಲಿ ಶ್ರೀಮತಿ ದುರ್ಗಾಬಾಯಿ ದೇಶಮುಖರು ಅಗ್ರಗಣ್ಯರು.

ಆಂಧ್ರದ ರಾಜಮಹೇಂದ್ರಿಯಲ್ಲಿ 1909ರಲ್ಲಿ ಜನಿಸಿದ ದುರ್ಗಾಬಾಯಿಯವರಿಗೆ ಎಂಟನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಅರಿವು ಬಂದ ಮೇಲೆ ಅವರು ಆ ಬಾಲ್ಯವಿವಾಹದ ಬಂಧನದಿಂದ ಹೊರಬಂದರು. ಹಿಂದಿಯನ್ನು ಕಲಿತು, ಇನ್ನೂ ಬಾಲಕಿಯಾಗಿರುವಾಗಲೇ ತಮ್ಮ ಊರಿನಲ್ಲಿ ಬಾಲಿಕಾ ಹಿಂದಿ ಪಾಠಶಾಲೆಯನ್ನು ಆರಂಭಿಸಿದರು. ಗೋಡೆಯ ಮೇಲಿನ ಆ ನುಡಿ ಇಲ್ಲಿ ಅಕ್ಷರಶಃ ನಿಜವಾಯಿತು. ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದಾಗ, ಓದುಬರಹವಿಲ್ಲದೆ, ಕಾನೂನಿನ ಗಂಧವಿಲ್ಲದೆ ಶಿಕ್ಷೆ ಅನುಭವಿಸುತ್ತಿದ್ದ ಸ್ತ್ರೀಯರನ್ನು ಕಂಡು ಅವರ ಮನಸ್ಸು ಕರಗಿತು. ತಾವು ಕಾನೂನನ್ನೇ ಓದಬೇಕೆಂಬ ಸಂಕಲ್ಪ ಅಲ್ಲಿ ದೃಢವಾಯಿತು.

ಬಿಡುಗಡೆಯಾದ ನಂತರ ಅವರು ಖಾಸಗಿಯಾಗಿ ಓದಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬಿ.ಎ. ಓದಲು ಆಂಧ್ರ ವಿಶ್ವವಿದ್ಯಾಲಯಕ್ಕೆ ಹೋದಾಗ, ಹೆಣ್ಣುಮಕ್ಕಳಿಗೆ ವಸತಿನಿಲಯವಿಲ್ಲವೆಂಬ ಅಡ್ಡಿ ಎದುರಾಯಿತು. ಅವರು ನಿರಾಶರಾಗಿ ಹಿಂದಿರುಗಲಿಲ್ಲ. ತಮ್ಮಂತೆಯೇ ವಸತಿಯಿಲ್ಲದೆ ಓದು ನಿಂತಿದ್ದ ಹುಡುಗಿಯರನ್ನು ಕೂಡಿಸಿ, ತಾವೇ ಒಂದು ವಸತಿನಿಲಯವನ್ನು ನಡೆಸಿ ಓದು ಮುಗಿಸಿದರು. 1937ರಲ್ಲಿ ಮದರಾಸಿನಲ್ಲಿ ಆಂಧ್ರ ಮಹಿಳಾ ಸಭೆಯನ್ನು ಸ್ಥಾಪಿಸಿದರು. 1942ರಲ್ಲಿ ಕಾನೂನು ಪದವಿಯನ್ನೂ ಪಡೆದರು.

ಇಂಥ ತಾಯಿ 1946ರಲ್ಲಿ ಮದರಾಸು ಪ್ರಾಂತದಿಂದ ಸಂವಿಧಾನ ರಚನಾಸಭೆಗೆ ಆಯ್ಕೆಯಾದರು. ಆ ಮಹಾಸಭೆಯಲ್ಲಿದ್ದ ಸ್ತ್ರೀಯರು ಕೇವಲ ಹದಿನೈದು ಮಂದಿ. ಅಲ್ಲಿ ದುರ್ಗಾಬಾಯಿಯವರು ಅನೇಕ ತಿದ್ದುಪಡಿಗಳನ್ನು ಮಂಡಿಸಿದರು. ಅವುಗಳಲ್ಲೊಂದನ್ನು ವಿಶೇಷವಾಗಿ ಸ್ಮರಿಸಬೇಕು. ಮೇಲ್ಮನೆಯ, ಎಂದರೆ ಇಂದಿನ ರಾಜ್ಯಸಭೆಯ, ಸದಸ್ಯರಾಗಲು ಮೂವತ್ತೈದು ವರ್ಷ ತುಂಬಿರಬೇಕೆಂದು 1949ರ ಮೇ ತಿಂಗಳಿನಲ್ಲಿ ಸೂಚನೆ ಬಂದಿತು. ಅದನ್ನು ಮೂವತ್ತಕ್ಕೆ ಇಳಿಸಬೇಕೆಂದು ಅವರು ವಾದಿಸಿದರು. ವಿವೇಕವು ವಯಸ್ಸನ್ನು ಅವಲಂಬಿಸಿದ್ದಲ್ಲ. ಈ ಕಾಲದ ಹುಡುಗರೂ ಹುಡುಗಿಯರೂ ಪಡೆಯುತ್ತಿರುವ ವಿಶಾಲವಾದ ಶಿಕ್ಷಣವು ಅವರನ್ನು ಪೌರರ ಹಕ್ಕುಬಾಧ್ಯತೆಗಳಿಗೆ ಬೇಗನೆ ಸಿದ್ಧಗೊಳಿಸುತ್ತದೆ ಎಂಬುದು ಅವರ ವಾದದ ಸಾರ. ಸಭೆ ಅದನ್ನು ಒಪ್ಪಿತು. ಇಂದಿಗೂ ನಮ್ಮ ಸಂವಿಧಾನದಲ್ಲಿರುವುದು ಆ ಮೂವತ್ತೇ. ಹುಡುಗರ ಜೊತೆಗೆ ಹುಡುಗಿಯರನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ಇಬ್ಬರ ಯೋಗ್ಯತೆಗೂ ಶಿಕ್ಷಣವನ್ನೇ ಆಧಾರವಾಗಿ ತೋರಿಸಿದ್ದು ಇಲ್ಲಿನ ವಿಶೇಷ.

ಅದೇ ಸಭೆಯಲ್ಲಿ ಹಂಸಾ ಮೆಹತಾ, ರೇಣುಕಾ ರಾಯ್ ಮೊದಲಾದ ಸದಸ್ಯೆಯರು, ಸ್ತ್ರೀಯರಿಗೆ ಮೀಸಲು ಸ್ಥಾನಗಳು ಬೇಡ, ಸಮಾನ ನ್ಯಾಯವಿದ್ದರೆ ಸಾಕು ಎಂಬ ನಿಲುವು ತಳೆದಿದ್ದರು. ಕಾನೂನು ಸಮಾನವಾದರೆ ಉಳಿದದ್ದು ತಾನಾಗಿ ಬರುವುದೆಂಬ ಭರವಸೆ ಅಂದಿನದು. ಅನುಭವ ಬೇರೆಯದನ್ನೇ ಕಲಿಸಿತು. 1951ರ ಜನಗಣತಿಯಲ್ಲಿ ನೂರು ಮಂದಿ ಸ್ತ್ರೀಯರಲ್ಲಿ ಅಕ್ಷರ ಬಲ್ಲವರು ಸುಮಾರು 9 ಮಂದಿ. ಪುರುಷರಲ್ಲಿ ಸುಮಾರು 27. ಹದಿನಾಲ್ಕು ವರ್ಷದವರೆಗಿನ ಮಕ್ಕಳೆಲ್ಲರಿಗೂ ಹತ್ತು ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ನೀಡಲು ಯತ್ನಿಸಬೇಕೆಂದು ಸಂವಿಧಾನ ನಿರ್ದೇಶಿಸಿತ್ತು. ಆ ಅವಧಿ ತೀರುತ್ತ ಬಂದರೂ ಹೆಣ್ಣುಮಕ್ಕಳು ಬಹಳ ಹಿಂದೆಯೇ ಉಳಿದಿದ್ದರು.

ಆಗ, 1958ರಲ್ಲಿ, ಭಾರತ ಸರ್ಕಾರ ರಾಷ್ಟ್ರೀಯ ಮಹಿಳಾ ಶಿಕ್ಷಣ ಸಮಿತಿಯನ್ನು ನೇಮಿಸಿ ಅದರ ಅಧ್ಯಕ್ಷತೆಯನ್ನು ದುರ್ಗಾಬಾಯಿಯವರಿಗೆ ವಹಿಸಿತು. 1959ರಲ್ಲಿ ಬಂದ ವರದಿಯ ತಿರುಳು ಇದು: ಹೆಣ್ಣಿನ ಶಿಕ್ಷಣವನ್ನು ಹಲವು ವರ್ಷಗಳ ಕಾಲ ಒಂದು ವಿಶೇಷ ಸಮಸ್ಯೆಯೆಂದೇ ಭಾವಿಸಬೇಕು, ಗಂಡುಹೆಣ್ಣುಗಳ ಶಿಕ್ಷಣದ ನಡುವಣ ಅಂತರವನ್ನು ಆದಷ್ಟು ಬೇಗ ತುಂಬಬೇಕು, ಅದಕ್ಕಾಗಿಯೇ ಪ್ರತ್ಯೇಕ ವ್ಯವಸ್ಥೆಯೂ ಹಣವೂ ಇರಬೇಕು. ಸಲಹೆಗಳು ನೆಲಕ್ಕೆ ಹತ್ತಿರವಾಗಿದ್ದವು. ಶಿಕ್ಷಕಿಯರಿಗೆ ವಾಸದ ಮನೆ ಬೇಕು; ಪುರುಷ ಉಪಾಧ್ಯಾಯರಷ್ಟೇ ಇರುವ ಶಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ‘ಶಾಲಾಮಾತೆ’ ಬೇಕು; ಓದು ಅರ್ಧಕ್ಕೆ ಬಿಟ್ಟ ವಯಸ್ಕ ಸ್ತ್ರೀಯರಿಗೆ ಅಲ್ಪಾವಧಿಯ ಪಾಠಕ್ರಮ ಬೇಕು. ವಸತಿನಿಲಯವಿಲ್ಲದೆ ತಡೆಯಲ್ಪಟ್ಟಿದ್ದ ವಿದ್ಯಾರ್ಥಿನಿಯೇ ಈ ವರದಿಯ ಹಿಂದೆ ನಿಂತಿರುವಂತೆ ನನಗೆ ತೋರುತ್ತದೆ.

ಈ ಮಾತು ನನ್ನನ್ನು ಏಕೆ ಕಾಡುತ್ತದೆಂಬುದನ್ನು ಓದುಗರಲ್ಲಿ ನಿವೇದಿಸಿಕೊಳ್ಳಬೇಕು. ನಾನು ಮಠವೊಂದರ ಉಚಿತ ಪ್ರಸಾದನಿಲಯದ ಅನ್ನವುಂಡು ಓದಿದವನು. ನನ್ನ ಅಕ್ಕ ಲೆಕ್ಕದಲ್ಲಿ ನನಗಿಂತ ಚುರುಕು. ಆದರೆ ಹೈಸ್ಕೂಲು ಇದ್ದುದು ತಾಲ್ಲೂಕಿನ ಊರಿನಲ್ಲಿ. ಅಲ್ಲಿ ಹೆಣ್ಣುಮಕ್ಕಳಿಗೆ ಉಳಿಯುವ ಎಡೆಯಿರಲಿಲ್ಲ. ಏಳನೆಯ ತರಗತಿಗೆ ಅವಳ ಓದು ಮುಗಿಯಿತು. ನನ್ನ ಪುಸ್ತಕಗಳಿಗೆ ರಟ್ಟು ಹಾಕಿಕೊಟ್ಟವಳು ಅವಳೇ. ಅವಳನ್ನು ಓದಬೇಡವೆಂದವರು ಯಾರೂ ಇರಲಿಲ್ಲ. ಓದಲು ಬೇಕಾದುದನ್ನು ಒದಗಿಸಿದವರೂ ಇರಲಿಲ್ಲ. ಅಂದು ಅದನ್ನು ಅನ್ಯಾಯವೆಂದು ನಾನೂ ತಿಳಿಯಲಿಲ್ಲ.

ದುರ್ಗಾಬಾಯಿಯವರು 1981ರಲ್ಲಿ ಗತಿಸಿದರು. 2011ರ ಜನಗಣತಿಯ ವೇಳೆಗೆ ದೇಶದ ಸ್ತ್ರೀಯರ ಸಾಕ್ಷರತೆ ನೂರಕ್ಕೆ ಸುಮಾರು 65ಕ್ಕೆ ಏರಿತ್ತು. ಪುರುಷರದು ಆಗಲೂ 80ನ್ನು ದಾಟಿತ್ತು. ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ಸ್ತ್ರೀಯರಿಗೆ ಮೂರನೆಯ ಒಂದು ಭಾಗದ ಸ್ಥಾನಗಳನ್ನು ಮೀಸಲಿಡುವ ಸಂವಿಧಾನ ತಿದ್ದುಪಡಿಗೆ 2023ರಲ್ಲಿ ಸಂಸತ್ತು ಅಂಗೀಕಾರ ನೀಡಿತು. ಸಂತೋಷದ ಸಂಗತಿ. ಆದರೆ ಆ ಸ್ಥಾನಗಳಲ್ಲಿ ಕುಳಿತು ಸ್ವತಂತ್ರವಾಗಿ ಮಾತನಾಡಬೇಕಾದವರು ಇಂದು ನಮ್ಮ ನಿಮ್ಮ ಮನೆಗಳಲ್ಲಿ ಓದುತ್ತಿರುವ ಹುಡುಗಿಯರು. ಅವರ ಓದು ನಡುವೆ ನಿಂತರೆ ಆ ಸ್ಥಾನಗಳಲ್ಲಿ ಹೆಸರು ಹೆಣ್ಣಿನದಾಗಿ, ಮಾತು ಮಾತ್ರ ಮತ್ತೊಬ್ಬರದಾದೀತು.

ಆದುದರಿಂದ ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೆ. ‘ನಮ್ಮ ಮಗಳು ಓದುವುದಾದರೆ ಓದಲಿ’ ಎಂದು ಸುಮ್ಮನಿರಬೇಡಿರಿ. ಅವಳು ಎಲ್ಲಿ ಉಳಿಯುವಳು, ಹೇಗೆ ಹೋಗಿಬರುವಳು, ಮನೆಗೆಲಸದಲ್ಲಿ ಅವಳ ಪಾಲನ್ನು ಯಾರು ಹೊರುವರು ಎಂಬುದನ್ನು ಜೂನ್ ತಿಂಗಳು ಬರುವುದಕ್ಕೆ ಮೊದಲೇ ಕುಳಿತು ನಿಶ್ಚಯಿಸಿರಿ. ದಾನ ಮಾಡಬಲ್ಲವರು ಕಲ್ಯಾಣಮಂಟಪಕ್ಕೆ ಕೊಡುವಂತೆಯೇ ಹೆಣ್ಣುಮಕ್ಕಳ ವಸತಿನಿಲಯಕ್ಕೂ ಕೈ ನೀಡಿರಿ. ಗೋಡೆಯ ಮೇಲೆ ನಾವು ಬರೆಸಿದ ನುಡಿ ಅಂದಿಗೆ ಸಾರ್ಥಕವಾದೀತು.